ಬಿದ್ದ ಮನಿಗಿ ರೊಕ್ಕ ಅದ, ಬೀಳೋ ಮನಿಗಿ ಇಲ್ಲ

ಹೋದ ಮಳೆಗಾಲದ ಒಂದು ನಸುಕು. ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಮಲಗಿದ್ದೆ. ಐದೂವರೆಗೆ ಅವ್ವನ ಫೋನ್ ಬಂತು. ಆ ಹೊತ್ತಿಗೆ ಊರಿನಿಂದ ಫೋನ್ ಬಂದರೆ ಯಾರಿಗಾದರೂ ಎದೆ ಧಸಕ್ ಅಂತದೆ.

"ಪಡಸಾಲಿ ಗ್ವಾಡಿಗಿ ಹೊಟ್ಟಿ ಬಂದದ ನೋಡಪ್ಪ. ರಾತ್ರಿ ಎಲ್ಲಾ ಮಣ್ಣು ಉದರಲತ್ತದ. ನಾ ಅಡಗಿ ಮನ್ಯಾಗ ಬಂದು ಕುಂತೀನಿ."

ಗೋಡೆಗೆ ಹೊಟ್ಟೆ ಬಂದಿದೆ ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನ ಗೋಡೆ ನಡುವೆ ಉಬ್ಬಿ ಹೊರಗೆ ಬಾಗಿದೆ, ಇವತ್ತೋ ನಾಳೆಯೋ ಕಲ್ಲು ಜಾರುತ್ತದೆ ಅಂತ ಅರ್ಥ. ಬೈಕ್ ಹತ್ತಿ ಹುಮನಾಬಾದ್ ರಸ್ತೆ ಹಿಡಿದೆ. ಮಹಾಗಾಂವ ಕ್ರಾಸ್ ದಾಟುವಾಗ ಮತ್ತೆ ಮಳೆ ಶುರುವಾಯಿತು. ಕಮಲಾಪುರ ಮುಟ್ಟುವಷ್ಟರಲ್ಲಿ ನಮ್ಮ ಮನೆ ಮುಂದೆ ಓಣಿಯ ಹತ್ತು ಜನ ನಿಂತಿದ್ದರು. ಒಬ್ಬೊಬ್ಬರದು ಒಂದೊಂದು ಸಲಹೆ. ಬಲ್ಲಿ ಹಚ್ಚು ಅನ್ನುವವರು, ತಾಡಪತ್ರಿ ಹೊಚ್ಚು ಅನ್ನುವವರು, ಕೆಡವಿ ಪತ್ರಾ ಹಾಕು ಅನ್ನುವವರು.

ಮನೆ ನಮ್ಮ ಅಜ್ಜ ಕಟ್ಟಿಸಿದ್ದು. ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಈ ಗೋಡೆ ಎರಡು ಕೈ ಅಗಲ ಇರುತ್ತದೆ, ನೋಡಿದರೆ ಕೋಟೆಯಂತೆ ಕಾಣುತ್ತದೆ. ಒಳಗಿನ ಕಥೆ ಬೇರೆ. ಅದು ಒಂದೇ ಗೋಡೆಯಲ್ಲ, ಎರಡು. ಒಳಮುಖಕ್ಕೊಂದು ಕಲ್ಲಿನ ಸಾಲು, ಹೊರಮುಖಕ್ಕೊಂದು ಸಾಲು, ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿರುತ್ತಾರೆ. ಎರಡನ್ನೂ ಸೇರಿಸಿ ಹಿಡಿಯುವಂಥ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಟ್ಟಿದ್ದರೆ ಗೋಡೆ ನೂರು ವರ್ಷ ನಿಲ್ಲುತ್ತದೆ. ಇಡದಿದ್ದರೆ ಮಾಳಿಗೆಯಿಂದ ಇಳಿದ ನೀರು ನಡುವಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಅದು ಊದಿಕೊಂಡು ಹೊರಗಿನ ಸಾಲನ್ನು ದಬ್ಬುತ್ತದೆ. ಅದೇ ಹೊಟ್ಟೆ.

ನಾನು ಜಿಲ್ಲಾ ಸ್ಟ್ರಿಂಗರ್. ಬೇರೆಯವರ ಮನೆ ಬಿದ್ದದ್ದನ್ನು ಎಷ್ಟೋ ಸಲ ಬರೆದವನು. ಯಾವ ಕಚೇರಿಗೆ ಹೋಗಬೇಕು ಅಂತ ಗೊತ್ತಿತ್ತು. ಹನ್ನೊಂದಕ್ಕೆ ಅರ್ಜಿ ಬರೆದುಕೊಂಡು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದೆ. ಅಲ್ಲಿದ್ದವರು ಫೋಟೊ ದೊಡ್ಡದು ಮಾಡಿ ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಚಹಾ ಕೂಡ ತರಿಸಿದರು.

"ಬಿದ್ದಿಲ್ಲಲ್ರೀ ಇನ್ನಾ?"

"ಬೀಳ್ತದ್ರಿ, ಇವತ್ತೋ ನಾಳೆಯೋ."

"ಬಿದ್ದ ಮ್ಯಾಲ ಬರ್ರಿ ಸರ. ಬೀಳ್ತದ ಅಂತ ಬರೀಲಾಕ ಫಾರ್ಮಿನಾಗ ಜಾಗಾನೇ ಇಲ್ಲ."

ಅವರು ಸುಳ್ಳು ಹೇಳಲಿಲ್ಲ. ಮನೆಗೆ ಬಂದು ಈ ಮಾತು ಹೇಳಿದಾಗ ಬಾಜೂ ಮನೆ ಕಾಕಾ ನಕ್ಕರು. "ಹಂಗಾದ್ರ ರಾತ್ರಿ ನಾಕ್ ಮಂದಿ ಸೇರಿ ದಬ್ಬಿ ಬಿಡಮು ತಮ್ಮಾ. ಮುಂಜಾನಿ ಪಂಚನಾಮೆ ಆಗ್ತದ." ಎಲ್ಲರೂ ನಕ್ಕೆವು. ಆದರೆ ಆ ನಗೆಯಲ್ಲಿ ಲೆಕ್ಕ ಇತ್ತು. ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿದವರು ಕಾಕಾ ಒಬ್ಬರೇ ಅಲ್ಲ ಅಂತ ನನಗೆ ಗೊತ್ತು.

ಲೆಕ್ಕ ಏನು ಅಂತ ನೋಡೋಣ. 2019ರ ಪ್ರವಾಹದ ಹೊತ್ತಿಗೆ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಎ, ಬಿ, ಸಿ ಅಂತ ವರ್ಗ ಮಾಡಿದರು. ಸಿ ವರ್ಗಕ್ಕೆ, ಅಂದರೆ ಕಡಿಮೆ ಹಾಳಾದ ಮನೆಗೆ, 50 ಸಾವಿರ. ಅವತ್ತಿನಿಂದ ಮನೆ ಬಿದ್ದ ಊರುಗಳಲ್ಲಿ ಮೊದಲ ಜಗಳವೇ ವರ್ಗದ್ದು. ನಮ್ಮ ಮನೆ ಎ ಯಾಕಾಗಲಿಲ್ಲ, ಅವರದ್ದು ಹೇಗೆ ಆಯಿತು? ಇನ್ನು ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರ ಅವಧಿಗೆ ಕೊಟ್ಟ ನಿಯಮ ನೋಡಿ. ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷ 20 ಸಾವಿರ. ಕಡೇ ಪಕ್ಷ ಶೇ. 15ರಷ್ಟು ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000. ವಿಪತ್ತಿನಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ.

ಈ ಪಟ್ಟಿಯಲ್ಲಿ ಬಿದ್ದ ಗೋಡೆಗೆ ಬೆಲೆ ಇದೆ, ಗೋಡೆ ಕೆಳಗೆ ಸಿಕ್ಕವರಿಗೂ ಬೆಲೆ ಇದೆ. ಬೀಳಲಿರುವ ಗೋಡೆಗೆ ಒಂದು ರೂಪಾಯಿ ಇಲ್ಲ. ಪರಿಹಾರ ಅನ್ನುವ ಹೆಸರಿನಲ್ಲೇ ಅದು ಇದೆ ಅನ್ನಬಹುದು, ಆಗಿಹೋದದ್ದಕ್ಕೆ ಪರಿಹಾರ. ಸರಿ, ಹಾಗಾದರೆ ಆಗುವುದಕ್ಕೆ ಮುಂಚೆ ಕೊಡುವ ಬೇರೆ ಯೋಜನೆ ಎಲ್ಲಿದೆ?

ಇಲ್ಲಿ ನನ್ನ ವೃತ್ತಿಯ ಮಾತೂ ಒಂದು ಹೇಳಲೇಬೇಕು. ಮಳೆ ಜೋರಾದ ದಿನ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ, "ಎಷ್ಟು ಮನೆ ಬಿದ್ದಾವ?" ಎರಡನೆಯದು, "ಜೀವಹಾನಿ?" ನಾನು ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ ಸಂಖ್ಯೆ ಕೇಳಿ ಕಳಿಸುತ್ತೇನೆ. 2020ರ ಅಕ್ಟೋಬರ್ ಮಳೆಗೂ ಹಾಗೇ ಮಾಡಿದೆ, 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಉಕ್ಕಿದಾಗಲೂ ಹಾಗೇ ಮಾಡಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಓಣಿಗೆ ಹೋಗಿ ಎಷ್ಟು ಗೋಡೆ ಬಾಗಿವೆ ಅಂತ ಎಣಿಸಿ ಸುದ್ದಿ ಮಾಡಿದ್ದು ಒಂದು ಸಲವೂ ಇಲ್ಲ. ಮಾಡಿದ್ದರೂ ಅಚ್ಚಾಗುತ್ತಿರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸರ್ಕಾರದ ಫಾರ್ಮಿನಲ್ಲಿ ಇಲ್ಲದ ಜಾಗ ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ನಮ್ಮ ಮನೆ ಗೋಡೆಗೆ ಹೊಟ್ಟೆ ಬಂದಾಗಲೇ ತಿಳಿದದ್ದು.

ಮಧ್ಯಾಹ್ನ ಮಳೆ ನಿಂತ ಮೇಲೆ ಹಳೆಯ ಗೌಂಡಿ ಕಾಕಾ ಒಬ್ಬರನ್ನು ಕರೆತಂದೆವು. ಅರವತ್ತು ದಾಟಿದೆ, ಕೆಲಸ ಬಿಟ್ಟಿದ್ದಾರೆ, ಕಣ್ಣು ಮಾತ್ರ ಚುರುಕು. ಅವರು ಗೋಡೆ ಮುಟ್ಟಲೇ ಇಲ್ಲ. ಮೊದಲು ಮಾಳಿಗೆ ಹತ್ತಿದರು. ಕೈಯಲ್ಲಿದ್ದ ಕಬ್ಬಿಣದ ಸಲಾಕೆ ಮಣ್ಣಿಗೆ ಚುಚ್ಚಿದರು. ಅದು ಮೊಣಕಾಲಿನಷ್ಟು ಇಳಿಯಿತು.

"ಇಷ್ಟು ಮಣ್ಣು ಯಾಕ ಹಾಕೀರಿ?"

ಯಾಕೆ ಅಂದರೆ, ಪ್ರತಿ ವರ್ಷ ಹಾಕಿದ್ದೇವೆ. ಮಿರಗ ಮಳೆ ಬರುವ ಮುಂಚೆ ಸವಳು ಮಣ್ಣು ತಂದು ಮಾಳಿಗೆ ಮೇಲೆ ಹರಡಿ ತುಳಿಯುವುದು ನಮ್ಮಲ್ಲಿ ಹಬ್ಬದಂಥ ಕೆಲಸ. ಅಜ್ಜ ಮಾಡಿದರು, ಅಪ್ಪ ಮಾಡಿದರು, ಅಪ್ಪ ಹೋದ ಮೇಲೆ ಆಳು ಹಚ್ಚಿ ಅವ್ವ ಮಾಡಿಸಿದಳು. ಸೋರಿದರೆ ಇನ್ನೆರಡು ಬುಟ್ಟಿ ಜಾಸ್ತಿ. ಹಳೆಯ ಮಣ್ಣು ತೆಗೆದು ಹೊಸದು ಹಾಕಬೇಕು ಅನ್ನುವುದು ಎಲ್ಲೋ ನಡುವೆ ಮರೆತುಹೋಗಿದೆ. ಮೂವತ್ತು ವರ್ಷ ಹಾಕಿದ ಬುಟ್ಟಿಗಳ ಭಾರ ಅಷ್ಟೂ ಅದೇ ತೊಲೆ, ಅದೇ ಗೋಡೆ ಮೇಲೆ ಕೂತಿದೆ. ಮಳೆ ಬಂದರೆ ಮಣ್ಣು ನೀರು ಕುಡಿದು ಇನ್ನೂ ತೂಕ. ರಿಪೇರಿ ಅಂತ ನಾವು ಮಾಡಿದ್ದೇ ಗೋಡೆಯ ಮೇಲೆ ಹೊರೆಯಾಗಿತ್ತು.

ಈ ಮಣ್ಣಿನ ಮಾತು ಬಂದಾಗ ಕಿಲ್ಲಾರಿ ನೆನಪಾಗದೆ ಇರುವುದಿಲ್ಲ. ಆಳಂದ ದಾಟಿ, ಉಮರ್ಗಾ ದಾಟಿ ಹೋದರೆ ಲಾತೂರ ಜಿಲ್ಲೆಯ ಕಿಲ್ಲಾರಿ. ನಮ್ಮಿಂದ ನೂರು ಕಿಲೋಮೀಟರ್ ಒಳಗೇ ನೇರ ದೂರ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇದ್ದಾಗ ಭೂಮಿ ನಡುಗಿತು. ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಸತ್ತರು. ನಾನು ಆಗ ನಾಲ್ಕು ವರ್ಷದವನು, ನೆನಪಿಲ್ಲ. ಕಮಲಾಪುರದಲ್ಲೂ ಪಾತ್ರೆ ಅಲುಗಾಡಿದವು, ನಿನ್ನ ಎತ್ತಿಕೊಂಡು ಅಂಗಳಕ್ಕ ಓಡಿ ಬಂದೆ ಅಂತ ಅವ್ವ ಈಗಲೂ ಹೇಳುತ್ತಾಳೆ. ಅಲ್ಲಿ ಅಷ್ಟು ಜನ ಸಾಯಲು ಮುಖ್ಯ ಕಾರಣ ಮನೆಗಳೇ ಅಂತ ಆಮೇಲೆ ನೋಡಿದ ಎಂಜಿನಿಯರರು ಬರೆದಿದ್ದಾರೆ. ನಮ್ಮಂಥವೇ ಮನೆ. ಕಲ್ಲು-ಮಣ್ಣಿನ ಎರಡು ಪದರದ ದಪ್ಪ ಗೋಡೆ, ಮೇಲೆ ಕಟ್ಟಿಗೆ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಗೋಡೆ ಪದರ ಬಿಟ್ಟವು, ಮಾಳಿಗೆ ಮಲಗಿದವರ ಮೇಲೆ ಬಂತು.

ಆದರೆ ಕಿಲ್ಲಾರಿಯಿಂದ ಜನ ನೆನಪಿಟ್ಟಿರುವುದು ಅರ್ಧ ಕಥೆ. 52 ಹಳ್ಳಿ ಬೇರೆ ಕಡೆ ಹೊಸದಾಗಿ ಕಟ್ಟಿದರು ಅನ್ನುವುದು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲ ತೆಗೆದುಕೊಂಡು ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿತು. ಬೀಳದೆ ಉಳಿದ, ಬಿರುಕು ಬಿಟ್ಟ ಮನೆಗಳ ರಿಪೇರಿಗೆ, ಗಟ್ಟಿ ಮಾಡುವುದಕ್ಕೆ ಮನೆಯವರ ಕೈಗೇ ದುಡ್ಡು ಕೊಟ್ಟಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳ ಲೆಕ್ಕ ಅದು. ಎಂಜಿನಿಯರರು ಹೇಳಿಕೊಟ್ಟ ಕೆಲಸ ದೊಡ್ಡದೇನಲ್ಲ. ಮಾಳಿಗೆ ಮಣ್ಣನ್ನು ಕಡಿಮೆ ಮಾಡುವುದು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಕೊರೆದು, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿ ಎರಡೂ ಪದರವನ್ನು ಒಂದು ಮಾಡುವುದು. ಗೋಡೆ ಸುತ್ತ ಒಂದು ಪಟ್ಟಿ ಕಟ್ಟುವುದು. ಸರ್ಕಾರ ಮನಸ್ಸು ಮಾಡಿದರೆ ರಿಪೇರಿಗೂ ದುಡ್ಡು ಕೊಡಬಹುದು, ಕೊಟ್ಟಿದೆ, ನಮ್ಮ ಗಡಿಯ ಪಕ್ಕದಲ್ಲೇ. ಆದರೆ ಅಲ್ಲಿಯೂ ಹತ್ತು ಸಾವಿರ ಹೆಣ ಬಿದ್ದ ಮೇಲೆ.

ನಮ್ಮಲ್ಲೂ ಎಚ್ಚರಿಕೆಯ ಗಂಟೆ ಬಾರಿಸಿತ್ತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ಕಡೆಯ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿತು. ಜನ ಮನೆ ಒಳಗೆ ಮಲಗಲು ಹೆದರಿ ಬಯಲಿಗೆ ಬಂದರು, ಎಷ್ಟೋ ಮಂದಿ ಊರು ಬಿಟ್ಟು ಬೀಗರ ಮನೆಗೆ ಹೋದರು. ಮಂತ್ರಿಗಳು ಬಂದರು, ತಜ್ಞರು ಬಂದರು, ನಾವು ಸುದ್ದಿಯವರೂ ಬಂದೆವು. ಭೂಮಿ ಒಳಗೆ ಏನಾಗುತ್ತಿದೆ ಅಂತ ಎಲ್ಲರೂ ಕೇಳಿದೆವು. ಈ ಗೋಡೆಗಳಿಗೆ ಏನು ಮಾಡೋಣ ಅಂತ ಕೇಳಿದವರು ಕಡಿಮೆ.

ನಮ್ಮ ದೇಶದ ವಸತಿ ಯೋಜನೆಯಲ್ಲಿ ರಿಪೇರಿಗೆ ಜಾಗ ಎಂದೂ ಇರಲಿಲ್ಲ ಅಂದುಕೊಂಡಿದ್ದೆ. ಹುಡುಕಿ ನೋಡಿದರೆ ಇತ್ತು. ಇಂದಿರಾ ಆವಾಸ್ ಯೋಜನೆಯಲ್ಲಿ 1999ರಿಂದ ಶೇ. 20ರಷ್ಟು ಹಣವನ್ನು ಹಳೆಯ ಕಚ್ಚಾ ಮನೆ ಸುಧಾರಿಸುವುದಕ್ಕೆ ಮತ್ತು ಸಾಲ-ಸಬ್ಸಿಡಿಗೆ ಅಂತ ತೆಗೆದಿಟ್ಟಿದ್ದರು. 2008ರಲ್ಲಿ ಆ ಸಹಾಯ ಒಂದು ಮನೆಗೆ 15 ಸಾವಿರ ಆಯಿತು. 2016ರಲ್ಲಿ ಆ ಯೋಜನೆಯ ಜಾಗಕ್ಕೆ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಬಂತು. ಹೊಸ ಮನೆಗೆ 1 ಲಕ್ಷ 20 ಸಾವಿರ ಮತ್ತು 90 ದಿನದ ಕೂಲಿ ಕೊಡುವ ವ್ಯವಸ್ಥೆಯಾಯಿತು. ರಿಪೇರಿಯ ಬಾಬ್ತು ಹೋಯಿತು. ನಮ್ಮ ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್ ಕೂಡ ಮನೆ ಕಟ್ಟುವುದಕ್ಕೇ. ಹರಿಯಾಣದಲ್ಲಿ ಮಾತ್ರ ಅಂಬೇಡ್ಕರ್ ಹೆಸರಿನಲ್ಲೇ ಮನೆ ನವೀಕರಣದ ಯೋಜನೆ ಇದೆ. ಹತ್ತು ವರ್ಷಕ್ಕಿಂತ ಹಳೆಯ ಮನೆ ರಿಪೇರಿಗೆ ಬಡ ಕುಟುಂಬಕ್ಕೆ 80 ಸಾವಿರ ಕೊಡುತ್ತಾರೆ. ಅದೇ ಹೆಸರು, ಅದೇ ದೇಶ. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು?

ಇನ್ನೊಂದು ವಿಚಿತ್ರ ಇದೆ. ಹೊಸ ಮನೆಯ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮನೆ ಕಚ್ಚಾ ಇರಬೇಕು. ಹಾಗಾಗಿ ಪಟ್ಟಿಯಲ್ಲಿ ಹೆಸರು ಇರುವವರು, ಬರಬಹುದು ಅಂತ ಕಾಯುವವರು ಮನೆಯನ್ನು ಮುಟ್ಟುವುದೇ ಇಲ್ಲ. ನಮ್ಮ ಹಿಂದಿನ ಓಣಿಯ ಒಬ್ಬ ಚಿಕ್ಕಮ್ಮನ ಮನೆಯ ಮೂಲೆ ಸೀಳಿದೆ. ಯಾಕೆ ಸರಿ ಮಾಡಿಸಿಲ್ಲ ಅಂತ ಕೇಳಿದೆ. "ಚೊಲೋ ಮಾಡಿದ್ರ ನಿಮ್ಮದು ಪಕ್ಕಾ ಮನಿ ಅದ ಅಂತ ಹೆಸರು ತಗೀತಾರಪ್ಪ" ಅಂದಳು. ಆರು ವರ್ಷದಿಂದ ಕಾಯುತ್ತಿದ್ದಾಳೆ. ಆರು ಮಳೆಗಾಲ ಆ ಸೀಳಿನ ಕೆಳಗೇ ಮಲಗಿದ್ದಾಳೆ. ನಿಯಮ ಮಾಡಿದವರು ಇದನ್ನು ಬಯಸಿರಲಿಕ್ಕಿಲ್ಲ. ಆದರೆ ನಡೆಯುತ್ತಿರುವುದು ಇದೇ.

ದುಡ್ಡು ಇದ್ದರೂ ಕೈ ಬೇಕಲ್ಲ. ನಮ್ಮ ಜಿಲ್ಲೆಯ ಗೌಂಡಿಗಳು ಎಲ್ಲಿದ್ದಾರೆ? ಪುಣೆಯಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ, ಹೈದರಾಬಾದಿನಲ್ಲಿದ್ದಾರೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗಿನ ತಗಡಿನ ಶೆಡ್ಡಿನಲ್ಲಿದ್ದಾರೆ. ತೊಗರಿ ರಾಶಿ ಮುಗಿದರೆ ಹೋಗುತ್ತಾರೆ, ಮುಂಗಾರು ಬಿತ್ತನೆಗೆ ಬರುತ್ತಾರೆ. ಗೋಡೆ ಕಟ್ಟಲು, ಮಾಳಿಗೆ ಬಿಚ್ಚಲು ಇರುವ ಒಣ ತಿಂಗಳು ಫೆಬ್ರವರಿಯಿಂದ ಮೇ ತನಕ. ಸರಿಯಾಗಿ ಆ ನಾಲ್ಕು ತಿಂಗಳು ಊರಿನಲ್ಲಿ ಕೈಗಳೇ ಇರುವುದಿಲ್ಲ. ಅವರು ಬಂದಾಗ ಮಳೆಯೂ ಬಂದಿರುತ್ತದೆ. ಇಪ್ಪತ್ತು ಅಂತಸ್ತಿನ ಕಟ್ಟಡಕ್ಕೆ ಕಲ್ಲು ಹೊತ್ತವನು ತನ್ನ ಅವ್ವನ ಮನೆಗೆ ತಾಡಪತ್ರಿ ಹೊಚ್ಚಿ ಮತ್ತೆ ಬಸ್ ಹತ್ತುತ್ತಾನೆ.

ನಮ್ಮ ಗೋಡೆಯ ಕಥೆಗೆ ಬರುತ್ತೇನೆ. ಗೌಂಡಿ ಕಾಕಾ ಹೇಳಿದಂತೆ ಮೊದಲ ದಿನ ತೊಲೆ ಕೆಳಗೆ ಬಲ್ಲಿ ಹಚ್ಚಿ ಭಾರ ಹಿಡಿದೆವು. ಆಮೇಲೆ ಮಳೆ ಬಿಡುವು ಕೊಟ್ಟ ನಾಲ್ಕು ದಿನ ಮಾಳಿಗೆ ಮಣ್ಣು ಇಳಿಸಿದೆವು. ಆರು ಟ್ರಾಕ್ಟರ್ ಟ್ರಾಲಿ ಮಣ್ಣು. ನೋಡಿ ನಾನೇ ಬೆಚ್ಚಿದೆ, ಇಷ್ಟು ತಲೆ ಮೇಲೆ ಇಟ್ಟುಕೊಂಡು ಮಲಗುತ್ತಿದ್ದೆವಲ್ಲ. ಉಬ್ಬಿದ ಭಾಗವನ್ನು ಮೇಲಿನಿಂದ ಬಿಚ್ಚಿ ಮತ್ತೆ ಕಟ್ಟಿದರು. ಎರಡು ಮೂರು ಅಡಿಗೊಂದು ಆರಪಾರ ಕಲ್ಲು ಇಟ್ಟರು, ಉದ್ದ ಕಲ್ಲು ಸಿಗದ ಕಡೆ ಸರಳು ಹಾಕಿ ಕಾಂಕ್ರೀಟ್ ತುಂಬಿದರು. ಕಾಕಾ ಕುರ್ಚಿ ಹಾಕಿ ಕೂತು ಹೇಳಿದರು, ಬಿತ್ತನೆಗೆ ಊರಿಗೆ ಬಂದಿದ್ದ ಒಬ್ಬ ಹುಡುಗ ಮಾಡಿದ. ಗೌಂಡಿಗೆ ದಿನಕ್ಕೆ ಸಾವಿರ, ಇಬ್ಬರು ಕೂಲಿಯವರಿಗೆ ಆರಾರು ನೂರು, ಒಂಬತ್ತು ದಿನ. ಸಿಮೆಂಟು, ಉಸುಕು, ಕಬ್ಬಿಣ, ಟ್ರಾಕ್ಟರ್ ಬಾಡಿಗೆ ಸೇರಿ ಒಟ್ಟು 34 ಸಾವಿರ ಚಿಲ್ಲರೆ. ಅದರಲ್ಲಿ 20 ಸಾವಿರ ಅವ್ವ ತನ್ನ ಸಂಘದಿಂದ ಎತ್ತಿದ ಸಾಲ. ಹೋದ ಬೇಸಿಗೆಯಲ್ಲೇ ಕರೆದಿದ್ದರೆ ಎಷ್ಟಾಗುತ್ತಿತ್ತು ಅಂತ ಕಾಕಾನನ್ನು ಕೇಳಿದೆ. "ಮಣ್ಣು ಇಳಿಸಿ, ನಾಳ ಸರಿ ಮಾಡಿ, ನಾಕ್ ಕಡಿ ಕಲ್ಲು ಇಟ್ಟಿದ್ರ ಒಂಬತ್ತು ಹತ್ತು ಸಾವಿರದಾಗ ಮುಗೀತಿತ್ತು" ಅಂದರು.

ನಾಳದ ವಿಷಯ ಸಣ್ಣದೆನಿಸಬಹುದು. ನಮ್ಮ ಮಾಳಿಗೆ ನೀರು ಬೀಳುವ ನಾಳ ಮುರಿದು ಗಿಡ್ಡಾಗಿತ್ತು. ನೀರು ದೂರ ಬೀಳದೆ ಗೋಡೆಗೇ ಹತ್ತಿಕೊಂಡು ಇಳಿಯುತ್ತಿತ್ತು. ಅದು ಬಿದ್ದ ಜಾಗದಲ್ಲೇ ಗೋಡೆ ಉಬ್ಬಿದ್ದು. ಒಂದು ತುಂಡು ಪ್ಲಾಸ್ಟಿಕ್ ಪೈಪು ಹಾಕದೆ ಎರಡು ವರ್ಷ ಬಿಟ್ಟಿದ್ದು ನಾನು. ನಳದ ಪೈಪಿಗೆ ಗೋಡೆ ಬುಡದಲ್ಲಿ ತೋಡಿ ಸರಿಯಾಗಿ ಮುಚ್ಚದ ಗುಂಡಿಯೂ ಸೇರಿಕೊಂಡಿತು. ಇನ್ನೊಂದು, ನಮ್ಮ ಓಣಿಯಲ್ಲಿ ಸಿಸಿ ರಸ್ತೆ ಮೇಲೆ ಸಿಸಿ ರಸ್ತೆ ಹಾಕಿ ಹಾಕಿ ರಸ್ತೆ ಎತ್ತರವಾಗಿದೆ, ಮನೆ ಹೊಸ್ತಿಲು ತಗ್ಗಾಗಿದೆ. ಮೊದಲು ಮನೆಗೆ ಹತ್ತಿ ಹೋಗುತ್ತಿದ್ದೆವು, ಈಗ ಇಳಿದು ಹೋಗುತ್ತೇವೆ. ರಸ್ತೆ ನೀರೆಲ್ಲ ಗೋಡೆ ಬುಡಕ್ಕೆ. ಹಳೆಯ ರಸ್ತೆ ಅಗೆದು ಅದೇ ಮಟ್ಟಕ್ಕೆ ಹೊಸದು ಮಾಡಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಕೇಳದಿದ್ದರೆ ಗುತ್ತಿಗೆದಾರರಿಗೆ ಅಗೆಯುವ ಹುರುಪು ತಾನಾಗಿ ಬರುವುದಿಲ್ಲ.

ಮಣ್ಣಿನ ಗೋಡೆಗೆ ಮೇಲಿನಿಂದ ಸಿಮೆಂಟ್ ಗಿಲಾವ್ ಹೊಡೆಸಿದರೆ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. ಗಟ್ಟಿಯಾಗಿ ಕಾಣುತ್ತದೆ, ಅಷ್ಟೇ. ಸಿಮೆಂಟ್ ಒಂದು ಕಡೆ ಬಿರಿದರೂ ನೀರು ಒಳಗೆ ಹೋಗುತ್ತದೆ, ಹೋದ ನೀರು ಒಣಗಿ ಹೊರಗೆ ಬರಲು ದಾರಿ ಇರುವುದಿಲ್ಲ. ಒಳಗೊಳಗೇ ಮಣ್ಣು ಕೊಳೆಯುತ್ತದೆ, ಹೊರಗೆ ಬಣ್ಣ ಚಂದ ಇರುತ್ತದೆ. ನಮ್ಮದೂ ಹೊರಗೆ ಗಿಲಾವ್ ಇತ್ತು. ಅದಕ್ಕೇ ಹೊಟ್ಟೆ ಬಂದದ್ದು ಅಷ್ಟು ದಿನ ಕಾಣಲಿಲ್ಲ.

ಕಲಬುರಗಿಯ ನನ್ನ ಬಾಡಿಗೆ ಕೋಣೆ ಆರ್‌ಸಿಸಿ. ಊರಿನವರಿಗೆ ಆರ್‌ಸಿಸಿ ಅಂದರೆ ಮುಗಿಯಿತು, ಇನ್ನು ಚಿಂತೆ ಇಲ್ಲ ಅಂತ. ಹೋದ ವರ್ಷ ಛತ್ತಿನ ಚಕ್ಕೆ ಒಂದು ಕಳಚಿ ಸರಿಯಾಗಿ ಒಲೆ ಮೇಲೆ ಬಿತ್ತು. ಮೇಲೆ ನೋಡಿದರೆ ತುಕ್ಕು ಹಿಡಿದ ಸರಳು ಕಾಣುತ್ತಿದೆ. ಮಾಲೀಕರು ಸಿಮೆಂಟ್ ಮೆತ್ತಿಸಿ ಸುಣ್ಣ ಬಳಿಸಿದರು, ತುಕ್ಕು ಒಳಗೇ ಇದೆ. ನಗರದ ಹೊಸ ಬಡಾವಣೆಗಳು ಬಹಳಷ್ಟು ಎರೆಮಣ್ಣಿನ ಮೇಲೆ ಎದ್ದಿವೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಬುನಾದಿ ಆಳ ಇಲ್ಲದ ಮನೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಕಂಡರೆ ಅದರ ಕೆಲಸವೇ ಇರಬೇಕು. ಹಾಗಾಗಿ ಇದು ಹಳ್ಳಿಯ ಹಳೆ ಮನೆಗಳ ಸಮಸ್ಯೆ ಮಾತ್ರ ಅಂತ ಯಾರೂ ಅನ್ನಬೇಡಿ. ಯೋಜನೆಯಲ್ಲಿ ಕಟ್ಟಿಕೊಟ್ಟ ಮನೆಗಳಿಗೂ ಇಪ್ಪತ್ತು ವರ್ಷವಾಯಿತು, ಅವುಗಳ ಛತ್ತಿನಿಂದಲೂ ಸರಳು ಇಣುಕುತ್ತಿದೆ.

ಸರ್ಕಾರ ಏನಾದರೂ ಮಾಡುವ ತನಕ ನಾವು ನೋಡಿಕೊಳ್ಳಬೇಕಾದದ್ದು ಇದೆ. ಗೌಂಡಿ ಕಾಕಾ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಬೇಸಿಗೆಯಲ್ಲಿ ಒಂದು ದಿನ ಗೋಡೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಡೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ. ಮೊನ್ನೆ ತನಕ ಸರಿಯಾಗಿ ಕೂಡುತ್ತಿದ್ದ ಬಾಗಿಲು ಈಗ ಹಿಡಿಯುತ್ತಿದ್ದರೆ ಬಾಗಿಲ ತಪ್ಪಲ್ಲ, ಗೋಡೆ ಸರಿದಿರಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ, ನಡುವೆ ಅಡ್ಡ ಒಂದು ಕಾಗದದ ಪಟ್ಟಿ ಅಂಟಿಸಿ. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ. ತೊಲೆ ಗೋಡೆಯೊಳಗೆ ಹೋಗುವ ತುದಿಗೆ ಮೊಳೆ ಚುಚ್ಚಿ ನೋಡಿ, ಗೆದ್ದಲು, ಕೊಳೆತ ಮೊದಲು ಶುರುವಾಗುವುದು ಅಲ್ಲೇ. ಹಸಿ ಗೋಡೆ ಮುಟ್ಟಿದಾಗ ಕೈ ಜುಮ್ ಅಂದರೆ ಮೇನ್ ಆಫ್ ಮಾಡಿ, ಆಮೇಲೆ ಮಾತು. ಮಾಳಿಗೆಗೆ ಹೊಸ ಮಣ್ಣು ಹಾಕುವುದಿದ್ದರೆ ಅಷ್ಟೇ ಹಳೆಯದು ಇಳಿಸಿ. ಎಲ್ಲದರ ಫೋಟೊ ತೆಗೆದು ಇಟ್ಟುಕೊಳ್ಳಿ, ನಾಳೆ ಬಿದ್ದರೆ ಪಂಚನಾಮೆಗೆ ಬೇಕಾಗುತ್ತದೆ. ಜೋರು ಮಳೆ ಹಿಡಿದ ರಾತ್ರಿ ಬಾಗಿದ ಗೋಡೆ ಬದಿ ಹಾಸಿಗೆ ಹಾಸಬೇಡಿ, ಅದರಲ್ಲೂ ಮಕ್ಕಳದು.

ರಿಪೇರಿಗೆ ದುಡ್ಡು ಕೊಟ್ಟರೆ ಸುಳ್ಳು ಬಿಲ್ಲು ಹುಟ್ಟುತ್ತವೆ, ಯಾರ ಗೋಡೆ ಎಷ್ಟು ಬಾಗಿದೆ ಅಂತ ಅಳೆಯುವವರು ಯಾರು ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಬಿದ್ದ ಮನೆಗೆ ಎ, ಬಿ, ಸಿ ಅಳೆಯುವವರು ಈಗಲೂ ಇದ್ದಾರಲ್ಲ. ಅದೇ ಎಂಜಿನಿಯರು, ಅದೇ ಮೊಬೈಲ್ ಆ್ಯಪ್, ಅದೇ ಫೋಟೊ. ಮಳೆಗಾಲ ಮುಗಿದ ಮೇಲೆ ಹೋಗುವ ಬದಲು ಮಾರ್ಚಿನಲ್ಲಿ ಹೋಗಲಿ. ನಿಂತ ಗೋಡೆಯನ್ನು ಅಳೆಯುವುದು ಬಿದ್ದ ಕಲ್ಲಿನ ರಾಶಿ ಅಳೆಯುವುದಕ್ಕಿಂತ ಕಷ್ಟವೇನಲ್ಲ. ಜನ ರಿಪೇರಿ ಕೇಳುವುದಿಲ್ಲ, ಹೊಸ ಮನೆಯನ್ನೇ ಕೇಳುತ್ತಾರೆ ಅಂತಲೂ ಅಂದರು. ಅದೂ ಖರೇ. ನಮ್ಮವ್ವನೇ ಇವತ್ತಿಗೂ ಕೆಡವಿ ಛತ್ತು ಹಾಕಿಸು ಅಂತಾಳೆ. ಹೊಸ ಮನೆ ಬರುವ ತನಕ ಜೀವ ಉಳಿಯಬೇಕಲ್ಲ, ನನ್ನ ವಾದ ಅಷ್ಟಕ್ಕೇ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದ್ದಾರೆ. ರಸ್ತೆ, ಶಾಲೆ, ಆಸ್ಪತ್ರೆಗೆ ಬೇಕು, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಒಂದು ತಾಲೂಕಿಗೆ, ಬೇಕಾದರೆ ನಮ್ಮ ಕಮಲಾಪುರಕ್ಕೇ ಮೊದಲು, ಒಂದು ಬೇಸಿಗೆ ರಿಪೇರಿಗೆ ಅಂತ ತೆಗೆದಿಟ್ಟು ನೋಡಲಿ. ಒಂದು ಮನೆಗೆ 30 ಸಾವಿರದಂತೆ ಕೊಟ್ಟರೂ 1 ಕೋಟಿಗೆ ಮುನ್ನೂರಕ್ಕೂ ಹೆಚ್ಚು ಮನೆ ಆಗುತ್ತವೆ. ರಿಪೇರಿ ಮಾಡಿಸಿದವರ ಹೆಸರನ್ನು ಹೊಸ ಮನೆ ಪಟ್ಟಿಯಿಂದ ತೆಗೆಯುವುದಿಲ್ಲ ಅಂತ ಬರೆದುಕೊಡಲಿ. ಹೊಸ ಮನೆಗೆ ಕೊಡುವಂತೆ ರಿಪೇರಿಗೂ ಕೂಲಿ ದಿನ ಸೇರಿಸಿದರೆ ಪುಣೆ ಬಸ್ ಹತ್ತುವವರಲ್ಲಿ ಕೆಲವರಾದರೂ ಎರಡು ತಿಂಗಳು ಊರಲ್ಲೇ ಉಳಿಯುತ್ತಾರೆ. ಮತ್ತು ಫಾರ್ಮಿನಲ್ಲಿ ಆ ಒಂದು ಸಾಲು ಸೇರಿಸಲಿ, ಇನ್ನೂ ಬಿದ್ದಿಲ್ಲ, ಬೀಳುವಂತಿದೆ ಅಂತ.

ಈ ಬೇಸಿಗೆಯಲ್ಲಿ ನಾನು ನಮ್ಮ ಎರಡು ಓಣಿ ತಿರುಗಿ ಎಣಿಸಿದೆ. ಕಣ್ಣಿಗೆ ಕಾಣುವಂತೆ ಹೊಟ್ಟೆ ಬಂದ ಗೋಡೆ ಹನ್ನೊಂದು. ಡೆಸ್ಕಿಗೆ ಕಳಿಸಿದೆ, ಇನ್ನೂ ಬಂದಿಲ್ಲ. ಹಿಂದಿನ ಓಣಿಯ ಚಿಕ್ಕಮ್ಮನ ಮನೆ ಮೂಲೆಗೆ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದು ಬಂದಿದ್ದೆ. ಮೊನ್ನೆ ಹೋದಾಗ ಅದು ನಡುವೆ ಹರಿದಿತ್ತು. ಆಕೆಯ ಮಗ ಪುಣೆಯಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ಮಿರಗಕ್ಕೆ ಬರುತ್ತೇನೆ ಅಂದ.